ಪದ ಪರಿಚಯ: ಕೆರೋಟಿನಾಯ್ಡ್

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ತಲೆಗೆ ಟವೆಲ್ ಸುತ್ತದೆ ಬೈಕ್ ಹತ್ತುವವರು ಕಡಿಮೆ. ಕೆಲವು ಯೀಸ್ಟ್‌ಗಳ ಹತ್ತಿರವೂ ಇಂಥದ್ದೊಂದು ಟವೆಲ್ ಇದೆ. ಅದೇ ಕೆರೋಟಿನಾಯ್ಡ್ ಎಂಬ ಬಣ್ಣ.

ಪದ ಹುಟ್ಟಿದ್ದು ಕ್ಯಾರೆಟ್‌ನಿಂದ, ಅಂದರೆ ನಮ್ಮ ಗಜ್ಜರಿಯಿಂದ. 1831ರಲ್ಲಿ ಜರ್ಮನಿಯ ವಾಕೆನ್‌ರೋಡರ್ ಗಜ್ಜರಿಯ ಬಣ್ಣವನ್ನು ಬೇರ್ಪಡಿಸಿ ಕೆರೋಟಿನ್ ಎಂದು ಹೆಸರಿಟ್ಟ. ಅದರ ಬಳಗದ ಬಣ್ಣಗಳೆಲ್ಲ ಕೆರೋಟಿನಾಯ್ಡ್‌ಗಳು. ಟೊಮೆಟೊದ ಕೆಂಪು, ಗೋವಿನಜೋಳದ ಹಳದಿ ಎಲ್ಲ ಇದೇ ಮನೆತನ.

ಬ್ರೆಡ್ಡಿಗೆ ಹಾಕುವ ಯೀಸ್ಟ್ ಇದನ್ನು ಮಾಡುವುದಿಲ್ಲ. ರೋಡೋಟೊರುಲಾ ಎಂಬ ಯೀಸ್ಟ್ ಮಾಡುತ್ತದೆ. ಗ್ರೀಕಿನಲ್ಲಿ ರೋಡೋನ್ ಅಂದರೆ ಗುಲಾಬಿ. ಫ್ರಿಜ್ಜಿನಲ್ಲಿ ಮರೆತ ಮೊಸರಿನ ಮೇಲೆ ಗುಲಾಬಿ ಚುಕ್ಕೆ ಕಂಡಿದ್ದರೆ ಅದು ಇದೇ ಇರಬಹುದು. (ಮೊಸರು ಚೆಲ್ಲಿಬಿಡಿ.)

ಈ ಯೀಸ್ಟ್ ಮೇಲೆ ಬಣ್ಣದ ಬೆಳಕು ಹಾಯಿಸಿದರೆ ಅದರ ಬಣ್ಣ ಜಾಸ್ತಿ ಆಗುತ್ತದೆ ಎಂದು ಕೇಳಿದಾಗ, ಕೆಂಪು ಬೆಳಕೇ ಇರಬೇಕು ಎಂದುಕೊಂಡಿದ್ದೆ. ಪೂರ್ತಿ ಉಲ್ಟಾ. ಹೆಚ್ಚಾಗಿ ಫಲ ಕೊಡುವುದು ನೀಲಿ. ನೀಲಿಯಲ್ಲಿ ಕಸುವು ಜಾಸ್ತಿ ಅಲ್ವಾ, ಅದು ಜೀವಕೋಶದೊಳಗಿನ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ಕೋಶದ ಪೊರೆಯನ್ನು, ಡಿಎನ್‌ಎಯನ್ನು ಕೆಡಿಸುತ್ತದೆ. ಕೆರೋಟಿನಾಯ್ಡ್ ಆ ಕಸುವನ್ನು ತಾನು ಹೀರಿ ಬಿಸಿಯಾಗಿ ಹೊರಬಿಡುತ್ತದೆ. ಅಲೆಯುದ್ದ 400ರಿಂದ 500 ನ್ಯಾನೋಮೀಟರ್ ನಡುವಿರುವ ನೀಲಿ ಬೆಳಕನ್ನೂ ನುಂಗುತ್ತದೆ. ನೀಲಿ ಹೋಗಿ ಉಳಿದ ಬೆಳಕು ನಮ್ಮ ಕಣ್ಣಿಗೆ ಕಿತ್ತಳೆಯಾಗಿ ಕಾಣುತ್ತದೆ. ಬಿಸಿಲು ಜೋರಾದಷ್ಟೂ ಟವೆಲ್ ದಪ್ಪ.

ಇದನ್ನು ಪರೀಕ್ಷಿಸಲು ಈ ಯೀಸ್ಟ್ ಹಾಕಿದ ಎರಡು ಪ್ಲೇಟ್ (ಪ್ರಯೋಗಾಲಯದ ಮುಚ್ಚಳದ ತಟ್ಟೆ) ಸಾಕು. ಒಂದಕ್ಕೆ ಕಪ್ಪು ಕಾಗದ ಸುತ್ತಿ, ಇನ್ನೊಂದನ್ನು ನೀಲಿ ಎಲ್‌ಇಡಿ ಕೆಳಗಿಡಿ. ಬಣ್ಣ ನೋಡುವಾಗ ಮಾತ್ರ ನೀಲಿ ದೀಪ ಆರಿಸಬೇಕು, ಇಲ್ಲದಿದ್ದರೆ ಕಿತ್ತಳೆಯೂ ಕಪ್ಪಗೆ ಕಾಣುತ್ತದೆ. ಸುಮ್ನೆ ಕಿಟಕಿಯಲ್ಲಿಟ್ಟರೆ ಆಗಲ್ವಾ ಎಂದು ಕೇಳಬೇಡಿ. ನಮ್ಮ 40 ಡಿಗ್ರಿ ದಾಟಿದ ಬಿಸಿಲಲ್ಲಿ ಬೆಳಕು ಮಾಡಿದ್ದೇನು, ಸೆಕೆ ಮಾಡಿದ್ದೇನು ಎಂದೇ ತಿಳಿಯುವುದಿಲ್ಲ. ಎರಡೂ ಪ್ಲೇಟ್ 28 ಡಿಗ್ರಿ ಆಸುಪಾಸಿನಲ್ಲೇ ಇರಬೇಕು.

ಹಾಗಂತ ಬೆಳಕು ಸುರಿಯುತ್ತಾ ಹೋದರೂ ಕಷ್ಟ. ಯೀಸ್ಟ್ ಬೆಳೆಯುವುದೇ ಕುಂಠಿತವಾಗುತ್ತದೆ. ಕಾಯಿ ಎಷ್ಟು ತುಂಬಿದ್ದರೇನು, ಹೊಲದಲ್ಲಿ ತೊಗರಿ ಗಿಡವೇ ಕಡಿಮೆ ಇದ್ದರೆ ರಾಶಿಗೆ ಏನು ಸಿಗುತ್ತದೆ? ಅದಕ್ಕೇ ಮೊದಲು ಕತ್ತಲೆಯಲ್ಲಿ ಬೆಳೆಯಲು ಬಿಟ್ಟು, ಯೀಸ್ಟ್ ತುಂಬಿದ ಮೇಲೆ ದೀಪ ಹಚ್ಚುವವರೂ ಇದ್ದಾರೆ.