ಬಾದಾಮಿ ಬಂಡೆಯಿಂದ ಹಿಮದ ಇಳಿಜಾರಿಗೆ: ಹಿಮಕುಸಿತದ ಟಿಪ್ಪಣಿ

ಬಾದಾಮಿಯಲ್ಲಿ ಬಂಡೆ ಹತ್ತಲು ಕಲಿತು, ಮುಂದೆ ಮನಾಲಿಗೋ ಉತ್ತರಕಾಶಿಗೋ ಪರ್ವತಾರೋಹಣ ಕೋರ್ಸಿಗೆ ಹೊರಟ ಗೆಳೆಯರಿಗೆ ಈ ಟಿಪ್ಪಣಿ. ಮೊದಲು ಇಳಿಜಾರಿನ ಕೋನ ನೋಡೋಣ. ನಮಗೆ ಮೋಸ ಆಗುವುದು ಅಲ್ಲೇ.

ಇಲ್ಲಿನ ಕೆಂಪು ಮರಳುಗಲ್ಲು ನೆಟ್ಟಗೆ ನಿಂತಿದೆ. ಅದನ್ನು ಹತ್ತಿದವರಿಗೆ 38 ಡಿಗ್ರಿ ಅಂದರೆ ಕೈ ಬೀಸಿಕೊಂಡು ಹೋಗಬಹುದು ಅನಿಸುತ್ತದೆ. ಆದರೆ ಹಿಮದ ಪದರ ಹಲಗೆಯಾಗಿ ಒಡೆದು ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯಲ್ಲೇ. ಇನ್ನೂ ಕಡಿದಾದ ಕಡೆ ಹಿಮ ಆಗಾಗ ಉದುರಿಹೋಗುತ್ತದೆ, ದಪ್ಪಗೆ ಕೂರುವುದಿಲ್ಲ. ಅಳೆಯಲು ಮೊಬೈಲ್ ಆ್ಯಪ್ ಸಾಕು. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ಮೇಲಿನ ಇಳಿಜಾರನ್ನು ಅಳೆಯಿರಿ. ಹಿಮ ಬರುವುದು ಅಲ್ಲಿಂದ ಅಲ್ವಾ.

ಇನ್ನು ಪದರ. ಹಿಮ ತೆಳ್ಳಗಿದ್ದು, ಮೇಲೆ ಕೊರೆಯುವ ಚಳಿ, ಕೆಳಗೆ ನೆಲದ ಬಿಸಿ ಇದ್ದರೆ ತಳದ ಹಿಮ ಒಂದಕ್ಕೊಂದು ಅಂಟದ ಹರಳಾಗುತ್ತದೆ. ಕೈಯಲ್ಲಿ ಹಿಡಿದರೆ ನಮ್ಮ ಕಡೆಯ ಕಾರ್ಖಾನೆಯ ದಪ್ಪ ಸಕ್ಕರೆಯಂತೆ ಸುರಿಯುತ್ತದೆ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಿಮ ಕೂತಿದ್ದರೆ ಅದು ಒಡೆದು ಜಾರಲು ಒಬ್ಬನ ಭಾರವೇ ಸಾಕು. ಹಿಮಕುಸಿತಕ್ಕೆ ಸಿಕ್ಕ ಚಾರಣಿಗರಲ್ಲಿ ಬಹುಪಾಲು ಜನರ ಮೇಲೆ ಬಿದ್ದದ್ದು ಅವರೋ ಅವರ ತಂಡದವರೋ ಕೆಡವಿದ ಹಿಮವೇ. ಕಾಲಡಿ ‘ಧುಮ್’ ಎಂದು ಕುಸಿದ ಸದ್ದು, ಹೆಜ್ಜೆಯಿಂದ ಓಡುವ ಬಿರುಕು, ಪಕ್ಕದಲ್ಲಿ ಹೊಸದಾಗಿ ಜಾರಿದ ಗುರುತು: ಒಂದು ಕಂಡರೂ ವಾಪಸ್. ಚರ್ಚೆ ಬೇಡ. ಭಾರಿ ಹಿಮ ಸುರಿದ ಮಾರನೇ ದಿನದ ನೀಲಿ ಆಕಾಶವನ್ನು ನಾನಂತೂ ನಂಬುವುದಿಲ್ಲ. ಹೊಸ ಹಿಮ ಇನ್ನೂ ಗಟ್ಟಿಯಾಗಿರುವುದಿಲ್ಲ, ನಮಗೋ ಫೋಟೋದ ಆತುರ.

ಚಂಡೀಗಢದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಡಿಜಿಆರ್‌ಇ ಹಿಮಾಲಯಕ್ಕೆ ಹಿಮಕುಸಿತದ ಮುನ್ನೆಚ್ಚರಿಕೆ ಕೊಡುತ್ತದೆ. ಅಪಾಯದ ಮಟ್ಟ 1ರಿಂದ 5. ಐದರಲ್ಲಿ 3 ಅಂದರೆ ನಡುವೆ, ಪರವಾಗಿಲ್ಲ ಅಂತ ಓದಬೇಡಿ. ಒಂದೊಂದು ಅಂಕಿಗೂ ಅಪಾಯ ಪಟ್ಟು ಪಟ್ಟಾಗಿ ಏರುತ್ತದೆ. 3ರಲ್ಲೇ ಸಾಯುವವರು ಬಹಳ, ಯಾಕಂದರೆ ಆ ದಿನ ಜನ ಹೊರಗೆ ಹೋಗುತ್ತಾರೆ.

ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಸುಮಾರು ಮೂವರಲ್ಲಿ ಒಬ್ಬರು. ‘ನಮ್ಮ ಹನುಮಂತಪ್ಪ ಕೊಪ್ಪದ ಅಷ್ಟು ದಿನ ಬದುಕಿದ್ದರಲ್ಲ’ ಎಂದು ಕೇಳುವವರಿದ್ದಾರೆ. ಧಾರವಾಡ ಜಿಲ್ಲೆಯ ಆ ಯೋಧ ಸಿಯಾಚಿನ್‌ನಲ್ಲಿ ಹೂತದ್ದು 2016ರ ಫೆಬ್ರುವರಿ 3ರಂದು, ಜೀವಂತ ಸಿಕ್ಕಿದ್ದು 8ರಂದು, ತೀರಿಕೊಂಡದ್ದು 11ರಂದು. ಅದು ತೀರಾ ಅಪರೂಪ. ಅದರ ಮೇಲೆ ಲೆಕ್ಕ ಹಾಕಬೇಡಿ.

ಹೊರಗಿನ ನೆರವು ಹತ್ತು ನಿಮಿಷದಲ್ಲಿ ಬರುವುದಿಲ್ಲ. ಹಾಗಾಗಿ ಬೀಕನ್ (ಹೂತವರು ಎಲ್ಲಿದ್ದಾರೆಂದು ರೇಡಿಯೋ ಸಂಕೇತದಿಂದ ತೋರಿಸುವ, ಮೈಗೆ ಕಟ್ಟಿಕೊಳ್ಳುವ ಸಾಧನ), ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ನಾಲ್ವರಿಗೆ ಒಂದೇ ಸಲಿಕೆ ಇದ್ದರೆ ಅದು ಹೂತುಹೋದವನ ಬೆನ್ನಿನ ಚೀಲದಲ್ಲೇ ಇದ್ದೀತು.