ಇಳಿದಂತೆ ಕಾಣುವ ಕಾಮಣಿ

ರೋಣ ತಾಲ್ಲೂಕಿನ ಹಳ್ಳಿಯೊಂದರಿಂದ ಹುಬ್ಬಳ್ಳಿಗೆ ಬಂದಿದ್ದ, ಐವತ್ತರ ಆಸುಪಾಸಿನ ಹೆಣ್ಣುಮಗಳ ಮುಂಗೈ ಮೇಲಿನ ಬರೆ ಇನ್ನೂ ಮಾಯ್ದಿರಲಿಲ್ಲ. “ಬರಿ ಹಾಕಿಸಿದ ಮ್ಯಾಲೆ ಹಳದಿ ಇಳಿದಿತ್ರೀ ಡಾಕ್ಟ್ರ, ಮತ್ತ ಯಾಕ ಬಂತು?” ಎಂಬ ಆಕೆಯ ಪ್ರಶ್ನೆಯಲ್ಲೇ ರೋಗದ ಸುಳಿವಿತ್ತು.

ನಮ್ಮ ಭಾಗದಲ್ಲಿ ಕಣ್ಣು ಹಳದಿಯಾದರೆ ಎಲ್ಲವೂ ಕಾಮಣಿಯೇ. ಯಕೃತ್ತಿನ ವೈರಾಣು ಸೋಂಕಿನಿಂದ ಬಂದದ್ದು ಅನೇಕರಲ್ಲಿ ತಾನಾಗಿ ವಾಸಿಯಾಗುತ್ತದೆ. ಪಿತ್ತಕೋಶದಿಂದ ಜಾರಿದ ಕಲ್ಲು ಪಿತ್ತನಾಳದಲ್ಲಿ ಕುಳಿತು ತರುವ ಕಾಮಣಿಯ ರೀತಿಯೇ ಬೇರೆ. ಕಲ್ಲು ನಾಳದ ಕೆಳತುದಿಯಲ್ಲಿ ಸಿಕ್ಕಿಕೊಂಡಾಗ ಪಿತ್ತರಸ ಕರುಳಿಗೆ ಇಳಿಯದೆ ರಕ್ತಕ್ಕೆ ಸೇರಿ, ಮೂತ್ರ ಕಡುಹಳದಿಯಾಗುತ್ತದೆ, ಮಲ ಬಿಳಿಚುತ್ತದೆ, ಮೈಯೆಲ್ಲ ತುರಿಸುತ್ತದೆ. ಅದೇ ಕಲ್ಲು ಹಿಗ್ಗಿದ ನಾಳದಲ್ಲಿ ಮೇಲಕ್ಕೆ ತೇಲಿದರೆ ದಾರಿ ತೆರೆದು ಹಳದಿ ಇಳಿಯುತ್ತದೆ. ಆ ವಾರ ಯಾವ ಮದ್ದು ನಡೆದಿತ್ತೋ ಅದಕ್ಕೆ ಕೀರ್ತಿ.

ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ಕಲ್ಲು ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಾಳದ ಕೆಳಭಾಗವನ್ನು ಕರುಳಿನ ಗಾಳಿ ಮರೆಮಾಡುವುದರಿಂದ, ‘ನಾಳದಲ್ಲಿ ಕಲ್ಲು ಕಂಡುಬಂದಿಲ್ಲ’ ಎಂಬ ವರದಿಯನ್ನು ‘ಕಲ್ಲಿಲ್ಲ’ ಎಂದು ಓದಬಾರದು. ಸಾಮಾನ್ಯವಾಗಿ 6 ಮಿ.ಮೀ. ಒಳಗಿರುವ ನಾಳ ಆಕೆಯಲ್ಲಿ 11 ಮಿ.ಮೀ. ಇತ್ತು, ರಕ್ತದಲ್ಲಿ ಹಳದಿ ತರುವ ಬಿಲಿರುಬಿನ್ ಮತ್ತು ಪಿತ್ತದ ದಾರಿ ಕಟ್ಟಿದಾಗ ಹೆಚ್ಚುವ ಆಲ್ಕಲೈನ್ ಫಾಸ್ಫಟೇಸ್ ಎರಡೂ ಏರಿದ್ದವು. ಪಿತ್ತನಾಳವನ್ನು ತೋರಿಸುವ ಎಂಆರ್‌ಐ, ಅಂದರೆ ಎಂಆರ್‌ಸಿಪಿ ಮಾಡಿಸಿದಾಗ ಕಡಲೆಕಾಳಿನಷ್ಟು ಕಲ್ಲು ಕೆಳತುದಿಯಲ್ಲೇ ಕಂಡಿತು. ತೀರ ಸಣ್ಣ ಕಲ್ಲುಗಳು ಅದರಲ್ಲೂ ತಪ್ಪಿಹೋಗಬಹುದಾದ್ದರಿಂದ, ಸಂಶಯ ಉಳಿದರೆ ಬಾಯಿಯಿಂದ ಇಳಿಸಿದ ಕೊಳವೆಯ ತುದಿಯಿಂದಲೇ ಸ್ಕ್ಯಾನ್ ಮಾಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡುತ್ತೇವೆ.

ಪಿತ್ತರಸವಿಲ್ಲದೆ ಕರುಳು ವಿಟಮಿನ್ ಕೆ ಹೀರುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಆದ್ದರಿಂದ ಮೊದಲು ಅದನ್ನು ಸರಿಪಡಿಸಿ, ನಂತರ ಇಆರ್‌ಸಿಪಿ. ಬಾಯಿಯಿಂದ ಕೊಳವೆ ಇಳಿಸಿ, ನಾಳ ಕರುಳಿಗೆ ತೆರೆಯುವ ಬಾಯಿಯನ್ನು ತುಸು ಕೊಯ್ದು, ಬಲೂನಿನಿಂದ ಕಲ್ಲನ್ನು ಕೆಳಗೆಳೆಯುವ ಈ ವಿಧಾನ 1974ರಲ್ಲಿ ಜರ್ಮನಿ ಮತ್ತು ಜಪಾನಿನಲ್ಲಿ ಆರಂಭವಾಯಿತು. ಕೆಲವರಿಗೆ ಇದರಿಂದ ಮೇದೋಜೀರಕ ಗ್ರಂಥಿಯ ಉರಿಯೂತ ಬರುವುದುಂಟು. ಅದನ್ನು ತಗ್ಗಿಸಲು ಗುದದ್ವಾರದಲ್ಲಿ ಡೈಕ್ಲೊಫೆನಾಕ್ ಎಂಬ ನೋವು-ಉರಿಯೂತದ ಮದ್ದು ಇಡುತ್ತೇವೆ. ತೆಗೆದ ಕಲ್ಲು ತೋರಿಸಿ ಎಂದು ಮನೆಯವರು ಕೇಳುತ್ತಾರೆ. ಕರುಳಿಗೆ ಬಿದ್ದ ಕಲ್ಲು ಮಲದೊಡನೆ ಹೋಗುವುದರಿಂದ ಪರದೆಯ ಚಿತ್ರವನ್ನಷ್ಟೇ ತೋರಿಸಬಲ್ಲೆ.

ಹಳದಿ ಇಳಿಯುತ್ತಲೇ ಆಕೆ ಊರಿಗೆ ಹೊರಟು ನಿಂತರು. ಕಲ್ಲು ಹುಟ್ಟಿಸಿದ ಪಿತ್ತಕೋಶ ಒಳಗೇ ಇದೆಯೆಂದು ವಿವರಿಸಿ, ಶೇಂಗಾ ಕೀಳುವ ಕೆಲಸ ಮಗನಿಗೆ ಬಿಡಿಸಿ, ಅದೇ ವಾರ ಲ್ಯಾಪರೋಸ್ಕೋಪಿಯಿಂದ ಅದನ್ನೂ ತೆಗೆದೆವು. ಹೊಟ್ಟೆನೋವು ಮತ್ತು ಹಳದಿಯ ಜೊತೆಗೆ ಚಳಿಜ್ವರವೂ ಬಂದಿದ್ದರೆ ಇಷ್ಟು ಮಾತಿಗೂ ಸಮಯವಿರುತ್ತಿರಲಿಲ್ಲ. ಅದು ನಾಳದೊಳಗೆ ಕೀವಾಗುತ್ತಿರುವ ಲಕ್ಷಣ, ಬೆಳಗಿನ ಬಸ್ಸಿಗೆ ಕಾಯದೆ ರಾತ್ರಿಯೇ ಹೊರಡಬೇಕು.