ಆಸ್ಟ್ರೇಲಿಯಾದ ಹತ್ಯಾಕಾಂಡಗಳು ಇತಿಹಾಸಕಾರರಿಗೆ ಗೊತ್ತಿರಲಿಲ್ಲವಾ?

ಪ್ರಶ್ನೆ: ಬಿಳಿಯರು ಆಸ್ಟ್ರೇಲಿಯಾದಲ್ಲಿ ಹೆಚ್ಚೇನೂ ಗಲಾಟೆಯಿಲ್ಲದೆ ನೆಲೆಸಿದರು ಅಂತ ಹಳೇ ಪುಸ್ತಕದಲ್ಲಿ ಓದಿದ್ದೆ. ಈಗ ನೋಡಿದರೆ ಎಲ್ಲರೂ ಮೂಲನಿವಾಸಿಗಳ ಹತ್ಯಾಕಾಂಡದ ಮಾತಾಡುತ್ತಾರೆ. ಮೊದಲು ಇದು ಯಾರಿಗೂ ಗೊತ್ತಿರಲಿಲ್ಲವಾ?

ಉತ್ತರ: ಚೆನ್ನಾಗಿಯೇ ಗೊತ್ತಿತ್ತು. ಟಾಸ್ಮೇನಿಯಾದಲ್ಲಿ 1828ರಲ್ಲಿ ಸರ್ಕಾರ ಸೇನಾ ಕಾನೂನನ್ನೇ ಹೇರಿತ್ತು. 1830ರಲ್ಲಿ 2,000ಕ್ಕೂ ಹೆಚ್ಚು ಜನರನ್ನು ಸಾಲುಗಟ್ಟಿಸಿ ಮೂಲನಿವಾಸಿಗಳನ್ನು ಒಂದು ಮೂಲೆಗೆ ಅಟ್ಟಲು ಹೊರಟಿತು. ಇದೆಲ್ಲ ಗುಟ್ಟಾಗಿ ಆಗುವ ಕೆಲಸವಲ್ಲ. 19ನೇ ಶತಮಾನದವರು ಇದನ್ನೆಲ್ಲ ಬರೆದೂ ಇಟ್ಟಿದ್ದಾರೆ. ಮರೆವು ಬಂದದ್ದು ಆಮೇಲೆ, 20ನೇ ಶತಮಾನದ ಪುಸ್ತಕಗಳಲ್ಲಿ. 1968ರಲ್ಲಿ ಮಾನವಶಾಸ್ತ್ರಜ್ಞ ಸ್ಟ್ಯಾನರ್ ರೇಡಿಯೊ ಉಪನ್ಯಾಸದಲ್ಲಿ ಇದನ್ನು 'ಆಸ್ಟ್ರೇಲಿಯಾದ ಮಹಾಮೌನ' ಎಂದು ಕರೆದ ಮೇಲೆ ಚರ್ಚೆ ಬಿಸಿಯಾಯಿತು.

ಹಾಗಂತ ದಾಖಲೆಗಳು ಸುಲಭಕ್ಕೆ ಸಿಗುತ್ತವೆ ಅಂದುಕೊಳ್ಳಬೇಡಿ. 1838ರ ಜೂನ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ಮಯಾಲ್ ಕ್ರೀಕ್‌ನಲ್ಲಿ ಬಿಳಿಯರ ಗುಂಪೊಂದು ಕಮ್ಮಿ ಅಂದರೂ 28 ಮೂಲನಿವಾಸಿಗಳನ್ನು ಕೊಂದು ಸುಟ್ಟಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಹಿಡಿದದ್ದು 11 ಜನರನ್ನು. ಮೊದಲ ವಿಚಾರಣೆಯಲ್ಲಿ ಎಲ್ಲರೂ ಪಾರು. ಮತ್ತೆ ವಿಚಾರಣೆ ನಡೆಸಿ ಏಳು ಜನರನ್ನು ಗಲ್ಲಿಗೇರಿಸಿದರು. ಅವರೆಲ್ಲ ಬ್ರಿಟನ್‌ನಿಂದ ಶಿಕ್ಷೆಯಾಗಿ ಕೈದಿಗಳಾಗಿ ಬಂದವರು. ಗುಂಪಿನಲ್ಲಿದ್ದ ಜಮೀನುದಾರರ ಮಗ ಜಾನ್ ಫ್ಲೆಮಿಂಗ್ ಮಾತ್ರ ಕೈಗೇ ಸಿಗಲಿಲ್ಲ. ಇದರಿಂದ ಬಿಳಿಯರು ಪಾಠ ಕಲಿತರು ನಿಜ, ಆದರೆ ಕಲಿತದ್ದು ಬಾಯಿ ಮುಚ್ಚಿಕೊಂಡಿರುವುದನ್ನು ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ನೇಣಿನ ಭಯ ಇದ್ದಾಗ ಯಾರು ತಾನೇ ಡೈರಿಯಲ್ಲಿ ಬರೆದಿಡುತ್ತಾರೆ?

ಜಗಳ ಇರುವುದೇ ಇಲ್ಲಿ. 1981ರಲ್ಲಿ ಇತಿಹಾಸಕಾರ ಹೆನ್ರಿ ರೆನಾಲ್ಡ್ಸ್ ಮೂಲನಿವಾಸಿಗಳ ಕಡೆಯಿಂದ ಇತಿಹಾಸ ಬರೆದರು. ದೇಶದಾದ್ಯಂತ ಅವರ ಪೈಕಿ ಸುಮಾರು 20,000 ಜನ ಹಿಂಸೆಗೆ ಬಲಿಯಾದರು ಅನ್ನುವುದು ಅವರ ಅಂದಾಜು. 2002ರಲ್ಲಿ ಲೇಖಕ ಕೀತ್ ವಿಂಡ್‌ಷಟಲ್ ಇಂಥ ಅಂದಾಜುಗಳ ಮೇಲೆ ಹರಿಹಾಯ್ದರು. ನಂಬಬಹುದಾದ ದಾಖಲೆ ಇದ್ದರಷ್ಟೇ ಲೆಕ್ಕಕ್ಕೆ ಎಂದು ಟಾಸ್ಮೇನಿಯಾದ ಸಂಖ್ಯೆಯನ್ನು ಸುಮಾರು 120ಕ್ಕೆ ಇಳಿಸಿದರು. ಬೇರೆಯವರ ಅಡಿಟಿಪ್ಪಣಿಗಳಲ್ಲಿ ಅವರು ಕೆಲವು ನಿಜವಾದ ತಪ್ಪುಗಳನ್ನೂ ಹಿಡಿದರು, ಅದನ್ನು ಒಪ್ಪಲೇಬೇಕು. ಆದರೆ ಕೊಂದವರೇ ಬರೆಯಬೇಕಾದ ದಾಖಲೆ ಇಲ್ಲ ಅಂದಮಾತ್ರಕ್ಕೆ ಕೊಲೆಯೇ ಆಗಲಿಲ್ಲ ಅನ್ನೋದು ಎಷ್ಟು ಸರಿ?

ವಿಂಡ್‌ಷಟಲ್ ಟೀಕೆಗೆ ಗುರಿಯಾದವರಲ್ಲಿ ಇತಿಹಾಸಕಾರ್ತಿ ಲಿಂಡಾಲ್ ರಯಾನ್ ಒಬ್ಬರು. ಅವರು 2017ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಿಂದ ಹತ್ಯಾಕಾಂಡಗಳ ನಕ್ಷೆಯನ್ನೇ ಇಂಟರ್‌ನೆಟ್‌ಗೆ ಹಾಕಿದರು. ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ನಿರಾಯುಧರು ಸತ್ತಿದ್ದರೆ ಮಾತ್ರ ಅದರಲ್ಲಿ ಜಾಗ. ಆರೇ ಯಾಕೆ? ಸುಮಾರು 20 ಜನರ ಗುಂಪಿನಲ್ಲಿ ಆರು ಜನ ಹೋದರೆ ಉಳಿದವರು ಬದುಕು ಸಾಗಿಸುವುದೇ ಕಷ್ಟ ಅನ್ನುವುದು ಅವರ ಲೆಕ್ಕ. 1788ರಿಂದ 1930ರವರೆಗಿನ 400ಕ್ಕೂ ಹೆಚ್ಚು ಘಟನೆಗಳು ಆ ನಕ್ಷೆಯಲ್ಲಿವೆ. ಪ್ರತಿಯೊಂದಕ್ಕೂ ಆಧಾರ ಏನು, ಅದು ಎಷ್ಟು ಗಟ್ಟಿ ಅಂತಲೂ ಹಾಕಿದ್ದಾರೆ. ಬೇಕಿದ್ದರೆ ನೀವೇ ನೋಡಬಹುದು. ಒಬ್ಬಿಬ್ಬರು ಸತ್ತ ಘಟನೆಗಳು ಇದರಲ್ಲಿಲ್ಲ, ಹಾಗಾಗಿ ಇದು ಒಟ್ಟು ಸಾವಿನ ಲೆಕ್ಕವಲ್ಲ.

ಕೊಲೆಗಳು ನಡೆದವಾ ಅಂತ ಇತಿಹಾಸಕಾರರು ಈಗ ಕೇಳುವುದು ಕಮ್ಮಿ. ಎಷ್ಟು ಜನ, ಇದನ್ನು ಯುದ್ಧ ಅನ್ನಬೇಕಾ, ನರಮೇಧ ಅನ್ನಬೇಕಾ ಅನ್ನುವ ವಾದ ಮಾತ್ರ ನಿಂತಿಲ್ಲ. ಕ್ಯಾನ್‌ಬೆರಾದ ಯುದ್ಧ ಸ್ಮಾರಕ ಈ ಸಂಘರ್ಷಕ್ಕೆ ಹೆಚ್ಚು ಜಾಗ ಕೊಡುತ್ತೇವೆ ಅಂದದ್ದು 2022ರಲ್ಲಿ. ಅದಕ್ಕೂ ಅಲ್ಲಿ ತಕರಾರು ಎದ್ದಿತು.